ಹಬ್ಬದ ಪ್ರಯಾಣದಲ್ಲಿ ಉಳಿದುಹೋದವರು

(ಪವಿತ್ರ ಕುಟುಂಬದ ಹಬ್ಬದ ಭಾನುವಾರ ನೀಡಿದ ಪ್ರಬೋಧನೆ)



ಕ್ರಿಸ್ಮಸ್ ರಾತ್ರಿ ಈ ದೇವಾಲಯದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಹೊರಗೆ ಶಾಮಿಯಾನ ಹಾಕಿಸಿ, ಶಾಲೆಯಿಂದ ಕುರ್ಚಿಗಳನ್ನು ತರಿಸಬೇಕಾಯಿತು. ಇಂದು ನೋಡಿ, ಹಿಂದಿನ ಬೆಂಚುಗಳು ಖಾಲಿ. ಗೋದಲಿಯ ದೀಪಗಳು ಇನ್ನೂ ಉರಿಯುತ್ತಿವೆ, ನಕ್ಷತ್ರ ಇನ್ನೂ ತೂಗಾಡುತ್ತಿದೆ, ಜನ ಮಾತ್ರ ಇಲ್ಲ. ಎಲ್ಲಿ ಹೋದರು? ನನಗೆ ಗೊತ್ತು. ಕೆಲವರು ತವರುಮನೆಗೆ ಹೋಗಿದ್ದಾರೆ, ಕೆಲವರು ವೇಳಾಂಗಣ್ಣಿಗೆ, ಕೆಲವರು ಗೋವಾಕ್ಕೆ. ಈಚಿನ ವರ್ಷಗಳಲ್ಲಿ ಇನ್ನೂ ದೂರ ಹೋಗುವವರಿದ್ದಾರೆ. ಅಂಡಮಾನ್, ಮಾಲ್ಡೀವ್ಸ್, ಶ್ರೀಲಂಕಾ. ಮಕ್ಕಳಿಗೆ ಶಾಲೆಗೆ ರಜೆ, ಆಫೀಸಿನಲ್ಲಿ ರಜೆ, ನಮ್ಮಲ್ಲಿ ಚಳಿ, ಅಲ್ಲಿ ಬಿಸಿಲು ಮತ್ತು ಸಮುದ್ರ. ಹೋಗಬೇಕೆನ್ನಿಸುವುದು ಸಹಜ.

ಹೋದವರನ್ನು ಬೈಯಲು ನಾನು ಇಲ್ಲಿ ನಿಂತಿಲ್ಲ. ಅವರು ಇಲ್ಲಿಲ್ಲ, ಬಂದಿರುವ ನಿಮ್ಮನ್ನು ಬೈದು ಪ್ರಯೋಜನವೂ ಇಲ್ಲ. ಆದರೆ ಒಂದು ವಿಷಯವನ್ನು ಗಮನಿಸಿದ್ದೀರಾ? ಪವಿತ್ರ ಕುಟುಂಬದ ಹಬ್ಬಕ್ಕೆ ಧರ್ಮಸಭೆ ಮೂರು ವರ್ಷಗಳ ಸರದಿಯಲ್ಲಿ ಮೂರು ಶುಭಸಂದೇಶ ಭಾಗಗಳನ್ನು ಇಟ್ಟಿದೆ. ಒಂದು ವರ್ಷ ಈಜಿಪ್ಟಿಗೆ ಪಲಾಯನ. ಇನ್ನೊಂದು ವರ್ಷ ಬಾಲಯೇಸುವನ್ನು ಜೆರುಸಲೇಮಿನ ದೇವಾಲಯದಲ್ಲಿ ಸಮರ್ಪಿಸುವುದು. ಮತ್ತೊಂದು ವರ್ಷ ಹನ್ನೆರಡರ ಬಾಲಕ ಯೇಸು ಹಬ್ಬದ ಯಾತ್ರೆಯಲ್ಲಿ ಕಾಣೆಯಾಗುವುದು. ಮೂರರಲ್ಲಿ ಒಂದರಲ್ಲೂ ಈ ಕುಟುಂಬ ಮನೆಯಲ್ಲಿ ಕುಳಿತಿಲ್ಲ. ಮೂರರಲ್ಲೂ ಪ್ರಯಾಣದಲ್ಲಿದೆ. ಆದ್ದರಿಂದ ಈ ಹಬ್ಬದ ದಿನ ಪ್ರಯಾಣದ ಬಗ್ಗೆ ಮಾತನಾಡುವುದು ತಪ್ಪಾಗಲಾರದು. ನನ್ನದೇ ಒಂದು ಪ್ರಯಾಣದಿಂದ ಆರಂಭಿಸುತ್ತೇನೆ. ಇದನ್ನು ಉಪದೇಶ ಎನ್ನುವುದಕ್ಕಿಂತ ಪಾಪನಿವೇದನೆ ಎಂದರೂ ಸರಿಯೇ.

2012ರ ಡಿಸೆಂಬರ್. ನಾನು ಗುರುದೀಕ್ಷೆ ಪಡೆದು ನಾಲ್ಕು ವರ್ಷವಾಗಿತ್ತು. ಒಂದು ದೊಡ್ಡ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಆಗಮನ ಕಾಲವಿಡೀ ಪಾಪನಿವೇದನೆ, ಮನೆಮನೆಗೆ ಕ್ಯಾರಲ್, ಬಡವರಿಗೆ ಬಟ್ಟೆ ಹಂಚುವುದು, ಯುವಜನರ ಗೋದಲಿ ಸ್ಪರ್ಧೆ. ಕ್ರಿಸ್ಮಸ್ ಮುಗಿಯುವ ಹೊತ್ತಿಗೆ ಗಂಟಲು ಕಟ್ಟಿಹೋಗಿತ್ತು. ಸೆಮಿನರಿಯಲ್ಲಿ ಜೊತೆಗೆ ಓದಿದ ಇಬ್ಬರು ಗೆಳೆಯರು ಅಂಡಮಾನಿಗೆ ಹೋಗೋಣವೆಂದು ಬಹಳ ದಿನದಿಂದ ಹೇಳುತ್ತಿದ್ದರು. ಧರ್ಮಕೇಂದ್ರದ ಗುರುಗಳು ದೊಡ್ಡ ಮನಸ್ಸಿನವರು. ಐದು ದಿನ ರಜೆ ಕೊಟ್ಟರು.

ಕೊಳ್ಳೇಗಾಲದ ಕಡೆಯ ನಮ್ಮ ಹಳ್ಳಿಯಲ್ಲಿ ಅಮ್ಮ ಒಬ್ಬರೇ ಇದ್ದರು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಪ್ರತಿ ವರ್ಷ ಕ್ರಿಸ್ಮಸ್ ಮಾರನೆಯ ದಿನ ನಾನು ಊರಿಗೆ ಹೋಗುವುದು ವಾಡಿಕೆ. ಪೂಜೆ ಮುಗಿಸಿ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದೆ. ಆ ವರ್ಷ ಫೋನ್ ಮಾಡಿ ಹೇಳಿದೆ: "ಅಮ್ಮ, ಈ ಸಲ ಬರೋಕಾಗಲ್ಲ. ಫ್ರೆಂಡ್ಸ್ ಜೊತೆ ಅಂಡಮಾನಿಗೆ ಹೋಗ್ತಾ ಇದ್ದೀನಿ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೋಗಿ ಬಾಪ್ಪ. ನೀರಿನ ಹತ್ರ ಹುಷಾರು," ಎಂದರು. ಅಷ್ಟೇ. ಬೇಜಾರಿನ ಒಂದು ಮಾತೂ ಇಲ್ಲ. ಒಂದು ಮಾತು ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

26ರ ಬೆಳಗ್ಗೆ ಬೆಂಗಳೂರಿನಲ್ಲಿ ವಿಮಾನ ಹತ್ತಿದೆವು. ಮೂರು ಗಂಟೆಯೊಳಗೆ ಪೋರ್ಟ್ ಬ್ಲೇರ್ ತಲುಪಿದೆವು. 2024ರಲ್ಲಿ ಸರ್ಕಾರ ಅದಕ್ಕೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದೆ. ನಾವು ಹೋದಾಗ ಪೋರ್ಟ್ ಬ್ಲೇರ್ ಆಗಿತ್ತು. ಚಳಿಗೆ ಹಾಕಿಕೊಂಡಿದ್ದ ಸ್ವೆಟರ್ ಬಿಚ್ಚಿ ಚೀಲಕ್ಕೆ ತುರುಕಿದೆವು. ತೆಂಗು, ಅಡಿಕೆ, ಬಾಳೆ ನೋಡಿ ಮಂಗಳೂರಿನ ಕಡೆಗೆ ಬಂದಂತಾಯಿತು. ಸಮುದ್ರದ ಬಣ್ಣ ಮಾತ್ರ ನಮ್ಮ ಕಡಲಿನದಲ್ಲ, ನವಿಲಿನ ಕತ್ತಿನ ಬಣ್ಣ. ಇನ್ನೊಂದು ವಿಚಿತ್ರವೆಂದರೆ ಸಂಜೆ ಐದು ಗಂಟೆ ದಾಟುತ್ತಲೇ ಕತ್ತಲೆ. ದ್ವೀಪಗಳಿರುವುದು ಬಹಳ ಪೂರ್ವಕ್ಕೆ, ಗಡಿಯಾರ ಮಾತ್ರ ನಮ್ಮದೇ. ನಮ್ಮೂರಲ್ಲಿ ಹಸುಗಳು ಇನ್ನೂ ಮನೆಗೆ ಬಾರದ ಹೊತ್ತಿನಲ್ಲಿ ಅಲ್ಲಿ ದೀಪ ಹಚ್ಚುತ್ತಾರೆ.

ಆ ಸಂಜೆ ಬಲಿಪೂಜೆ ಅರ್ಪಿಸಬೇಕೆಂದು ಒಂದು ದೇವಾಲಯಕ್ಕೆ ಹೋದೆವು. ಅಂಡಮಾನಿನಲ್ಲಿ ನಮ್ಮ ಧರ್ಮಸಭೆ ಚಿಕ್ಕದೇನಲ್ಲ. 1918ರಲ್ಲಿ ಬ್ರಿಟಿಷ್ ಸರ್ಕಾರ ಕಾಡು ಕಡಿಯಲು, ರಸ್ತೆ ಮಾಡಲು ಕೂಲಿಗಳು ಬೇಕೆಂದಾಗ ರಾಂಚಿಯ ಕಥೋಲಿಕ ಸಂಸ್ಥೆಯೊಂದರ ಮೂಲಕ ಛೋಟಾನಾಗಪುರದ ಆದಿವಾಸಿಗಳು ಅಲ್ಲಿಗೆ ಹೋದರು. ಹೋದವರಲ್ಲಿ ಬಹಳ ಮಂದಿ ಕಥೋಲಿಕರು. ದ್ವೀಪದ ಎಷ್ಟೋ ರಸ್ತೆಗಳ ಕೆಳಗೆ ಅವರ ಬೆವರಿದೆ. 1984ರಲ್ಲಿ ಪೋರ್ಟ್ ಬ್ಲೇರ್ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಇದಾವುದೂ ನನಗೆ ಆಗ ಗೊತ್ತಿರಲಿಲ್ಲ. ಬೀಚುಗಳ ಹೆಸರು ಮಾತ್ರ ಬಾಯಿಪಾಠವಾಗಿತ್ತು.

ಕ್ರಿಸ್ಮಸ್ ಮಾರನೆಯ ದಿನವಾದ್ದರಿಂದ ದೇವಾಲಯದಲ್ಲಿ ಹಬ್ಬದ ಕಳೆ ಇರುತ್ತದೆಂದು ತಿಳಿದಿದ್ದೆ. ಗೋದಲಿ ಇತ್ತು, ನಕ್ಷತ್ರ ಇತ್ತು. ಆದರೆ ಗೋದಲಿಯ ಮುಂದೆ ಸಾಲಾಗಿ ಮೇಣದ ಬತ್ತಿಗಳು ಉರಿಯುತ್ತಿದ್ದವು. ಜನ ಮೌನವಾಗಿದ್ದರು. ಆಗ ನೆನಪಾಯಿತು, ಅಂದು ಡಿಸೆಂಬರ್ 26.

2004ರ ಡಿಸೆಂಬರ್ 26, ಭಾನುವಾರ. ಬೆಳಗ್ಗೆ ಆರೂವರೆ ಗಂಟೆಯ ಸುಮಾರಿಗೆ ಸುಮಾತ್ರಾದ ಬಳಿ ಸಮುದ್ರದ ತಳ ಕಂಪಿಸಿತು. ನಿಮಿಷಗಳಲ್ಲಿ ಅಲೆಗಳು ನಿಕೋಬಾರ್ ದ್ವೀಪಗಳ ಮೇಲೆ ಬಂದವು. ಕಾರ್ ನಿಕೋಬಾರ್ ಕ್ರೈಸ್ತರ ದ್ವೀಪ. ಅಲ್ಲಿಯ ಜನರಲ್ಲೇ ಹುಟ್ಟಿ, ಹೊಸ ಒಡಂಬಡಿಕೆಯನ್ನು ನಿಕೋಬಾರಿ ಭಾಷೆಗೆ ತಂದು, ಮೊದಲನೆಯ ಲೋಕಸಭೆಗೂ ನಾಮಕರಣಗೊಂಡಿದ್ದ ಆಂಗ್ಲಿಕನ್ ಧರ್ಮಾಧ್ಯಕ್ಷ ಜಾನ್ ರಿಚರ್ಡ್‌ಸನ್‌ರವರ ದ್ವೀಪ. ಹಿಂದಿನ ದಿನವಷ್ಟೇ ಅವರು ಕ್ರಿಸ್ಮಸ್ ಮಾಡಿದ್ದರು. ಕರಾವಳಿಯ ಹಳ್ಳಿಗಳು ಉಳಿಯಲಿಲ್ಲ. ಅಲ್ಲಿಯ ವಾಯುಪಡೆಯ ನೆಲೆಯಲ್ಲಿ ಯೋಧರು, ಅವರ ಹೆಂಡತಿ ಮಕ್ಕಳು ಸೇರಿ ನೂರಕ್ಕೂ ಹೆಚ್ಚು ಜನ ಹೋದರು. ಅಂಡಮಾನ್ ನಿಕೋಬಾರ್‌ನಲ್ಲಿ ಸತ್ತವರು, ಕಾಣೆಯಾದವರು ಸರ್ಕಾರಿ ಲೆಕ್ಕದಲ್ಲಿ ಸುಮಾರು 3,500.

ಅದೇ ನಿಕೋಬಾರಿನಲ್ಲಿ ಕಚಾಲ್ ಎಂಬ ದ್ವೀಪವಿದೆ. 2000ನೇ ಇಸವಿಯ ಜನವರಿ ಒಂದರಂದು ಹೊಸ ಸಹಸ್ರಮಾನದ ಮೊದಲ ಸೂರ್ಯೋದಯ ಅಲ್ಲಿ ಕಾಣುತ್ತದೆಂದು ದೊಡ್ಡ ಪ್ರಚಾರವಾಗಿತ್ತು. ಕ್ರಿಸ್ಮಸ್ ರಜೆಯಲ್ಲಿ ಪ್ರವಾಸಿಗರು ಹಡಗಿನಲ್ಲಿ ಅಲ್ಲಿಗೆ ಹೋದರು. ಐದು ವರ್ಷ ತುಂಬುವ ಮೊದಲು ಅದೇ ದ್ವೀಪದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಸಮುದ್ರ ಒಯ್ದಿತು. ಸೂರ್ಯೋದಯ ನೋಡಲು ಹೋದವರಲ್ಲಿ ಎಷ್ಟು ಜನ ಆ ಊರಿನ ಹೆಸರನ್ನು ಮತ್ತೆ ನೆನೆದರೋ!

ಆ ಸಂಜೆ ಪೂಜೆಯ ನಂತರ ರಾಂಚಿ ಮೂಲದ ಒಬ್ಬ ವೃದ್ಧೆ ಆಶೀರ್ವಾದಕ್ಕೆ ಬಂದರು. ಅಜ್ಜನ ಕಾಲದಲ್ಲೇ ಕಾಡಿನ ಕೂಲಿಗೆ ಬಂದ ಕುಟುಂಬ ಅವರದು. ನನ್ನದು ಮುರುಕು ಹಿಂದಿ. ಆದರೂ ಮಾತು ಅರ್ಥವಾಯಿತು. ಅವರ ಮಗ ಕಚಾಲಿಗೆ ಕೆಲಸಕ್ಕೆ ಹೋಗಿದ್ದ. ಕ್ರಿಸ್ಮಸ್‌ಗೆ ಬರುತ್ತೇನೆ ಎಂದಿದ್ದವನಿಗೆ ಹಡಗಿನ ಟಿಕೆಟ್ ಸಿಗಲಿಲ್ಲ. ಹೊಸ ವರ್ಷಕ್ಕೆ ಬರುತ್ತೇನೆ ಎಂದು ಹೇಳಿ ಕಳುಹಿಸಿದ್ದ. ದೇಹ ಸಿಗಲಿಲ್ಲ. "ಇಲ್ಲಿಗೆ ಬರುವವರೆಲ್ಲ ಸಮುದ್ರ ನೋಡೋಕೆ ಬರ್ತಾರೆ ಫಾದರ್," ಎಂದರು. "ನಾನು ಸಮುದ್ರಕ್ಕೆ ಬೆನ್ನು ಹಾಕಿ ಕೂತ್ಕೋತೀನಿ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವರೇ ಕೇಳಿದರು: "ನಿಮ್ಮ ತಾಯಿ ಇದ್ದಾರಾ?" ಇದ್ದಾರೆ ಎಂದೆ. "ಹಬ್ಬಕ್ಕೆ ಮನೆಗೆ ಹೋಗಲಿಲ್ವಾ?"

ಪ್ರಿಯರೇ, ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಸೇರಿ ಎಷ್ಟೋ ವರ್ಷ ಓದಿದ್ದೇನೆ. ಅಂಥ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ಎದುರಿಸಿರಲಿಲ್ಲ. ಒಬ್ಬ ತಾಯಿಗೆ ಬರಬೇಕೆಂದಿದ್ದ ಮಗ ಬರಲಾಗಲಿಲ್ಲ. ಇನ್ನೊಬ್ಬ ತಾಯಿಗೆ ಬರಬಹುದಾಗಿದ್ದ ಮಗ ಬರಲಿಲ್ಲ. ನಾನು ಆ ಎರಡನೆಯವನು.

ಈಗ ಶುಭಸಂದೇಶದ ಮೂರು ಪ್ರಯಾಣಗಳಿಗೆ ಬರೋಣ.

ಮೊದಲನೆಯದು: ಕಾದಿರುವವರ ಬಳಿಗೆ ಪ್ರಯಾಣ

ಮಗು ಹುಟ್ಟಿ ನಲವತ್ತು ದಿನಗಳಾದ ಮೇಲೆ ಮರಿಯಮ್ಮನವರೂ ಜೋಸೆಫರೂ ಮಗುವನ್ನೆತ್ತಿಕೊಂಡು ಜೆರುಸಲೇಮಿನ ದೇವಾಲಯಕ್ಕೆ ಬರುತ್ತಾರೆ. ಬಡವರ ಕಾಣಿಕೆಯಾದ ಜೋಡಿ ಹಕ್ಕಿಗಳನ್ನು ಅರ್ಪಿಸುತ್ತಾರೆ. ಅಲ್ಲಿ ಅವರನ್ನು ಬರಮಾಡಿಕೊಂಡವರು ಯಾರು? ಮಹಾಯಾಜಕನಲ್ಲ, ಅಧಿಕಾರಿಗಳಲ್ಲ. ಇಬ್ಬರು ವೃದ್ಧರು. ಒಬ್ಬರು ಸಿಮೆಯೋನ. ಇನ್ನೊಬ್ಬರು ಎಂಬತ್ತನಾಲ್ಕು ವರ್ಷದ ವಿಧವೆ ಅನ್ನಾ. ಇಬ್ಬರ ಕೆಲಸವೂ ಒಂದೇ, ಕಾಯುವುದು. ಮಗುವನ್ನು ಆ ಮುದುಕರ ಕೈಗೆ ಕೊಟ್ಟಾಗಲೇ ಅವರ ಕಾಯುವಿಕೆ ಮುಗಿದದ್ದು. ಮಕ್ಕಳನ್ನು ಹಿರಿಯರ ಕೈಗೆ ಕೊಡುವುದಕ್ಕಾಗಿಯೂ ಒಂದು ಪ್ರಯಾಣ ಮಾಡಬೇಕು ಎಂದು ಪವಿತ್ರ ಕುಟುಂಬ ನಮಗೆ ತೋರಿಸುತ್ತದೆ.

ಅಂಡಮಾನಿನಿಂದ ಬಂದ ಮೇಲೆ ಕೆಲಸಗಳ ನಡುವೆ ಊರಿಗೆ ಹೋಗಲು ಫೆಬ್ರವರಿಯಾಯಿತು. ಅಮ್ಮ ಅಟ್ಟದಿಂದ ಒಂದು ಡಬ್ಬ ಇಳಿಸಿದರು. ಕ್ರಿಸ್ಮಸ್‌ಗೆ ಮಾಡಿದ ಕಜ್ಜಾಯ. ಮುಚ್ಚಳಕ್ಕೆ ಬಟ್ಟೆ ಕಟ್ಟಿ ಹಾಗೇ ಇಟ್ಟಿದ್ದರು. ತಾವೂ ತಿಂದಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ. ಎಣ್ಣೆ ಕಮಟಾಗಿತ್ತು. "ಬ್ಯಾಡ ಬಿಡಪ್ಪ, ಕೆಟ್ಟೋಗೈತೆ," ಎಂದರು. ನಾನು ಎರಡು ತಿಂದೆ. ಅದಾದ ಮೇಲೆ ಅಮ್ಮ ಮೂರು ಕ್ರಿಸ್ಮಸ್ ಇದ್ದರು. ಮೂರಕ್ಕೂ ತಪ್ಪದೆ ಹೋದೆ. ಆದರೂ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಹೋಗದ ಆ ಒಂದು.

ಇಷ್ಟಾದ ಮೇಲೆ ನಾನು ಬುದ್ಧಿ ಕಲಿತೆ ಎಂದುಕೊಳ್ಳುತ್ತೀರಿ. ಕೇಳಿ. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಒಂದು ಕುಟುಂಬ ಕ್ರಿಸ್ಮಸ್ ರಜೆಗೆ ದ್ವೀಪಪ್ರವಾಸ ಹೊರಟಿತ್ತು. ಒಳ್ಳೆಯ ಜನ, ಭಾನುವಾರದ ಪೂಜೆ ತಪ್ಪಿಸಿದವರಲ್ಲ. ಬಂದು ಕೇಳಿದರು: "ಫಾದರ್, 23ಕ್ಕೆ ಹೊರಡ್ತಾ ಇದ್ದೀವಿ. ಕ್ರಿಸ್ಮಸ್ ಪೂಜೆಗೆ ಇಲ್ಲಿರಲ್ಲ. ಪಾಪ ಆಗುತ್ತಾ?" ನಾನು ನಕ್ಕು, "ಅಲ್ಲೂ ನಮ್ಮ ದೇವಾಲಯ ಇದೆ. ಅಲ್ಲೇ ಪೂಜೆಗೆ ಹೋಗಿ. ಬಲಿಪೂಜೆ ಎಲ್ಲಿ ಕಂಡರೂ ಅದೇ ಬಲಿಪೂಜೆ. ಪಾಪ ಏನಿಲ್ಲ," ಎಂದೆ. ಧರ್ಮಸಭೆಯ ಕಟ್ಟಳೆಯ ಪ್ರಕಾರ ನನ್ನ ಉತ್ತರ ಸರಿಯೇ. ಆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದದ್ದು ನನಗೆ ಚೆನ್ನಾಗಿ ಗೊತ್ತಿತ್ತು. ತಿಂಗಳಿಗೊಮ್ಮೆ ಪರಮ ಪ್ರಸಾದ ಕೊಡಲು ಹೋಗುತ್ತಿದ್ದವನೇ ನಾನು. ಅಜ್ಜಿ ಏನು ಮಾಡುತ್ತಾರೆ ಎಂದು ಕೇಳುವುದು ನನಗೂ ಹೊಳೆಯಲಿಲ್ಲ.

ಕ್ರಿಸ್ಮಸ್ ರಾತ್ರಿ ಪೂಜೆ ಮುಗಿಯಿತು. ಜನ ಕೈ ಕುಲುಕಿದರು, ಕೇಕ್ ಹಂಚಿದರು, ಮನೆಗೆ ಹೋದರು. ರಾತ್ರಿ ಒಂದೂವರೆಗೆ ದೀಪ ಆರಿಸುತ್ತಿದ್ದ ಉಪದೇಶಿ ಬಂದು, "ಸ್ವಾಮಿ, ಹೊರಗೆ ಯಾರೋ ಕೂತವ್ರೆ," ಎಂದರು. ಕಲ್ಲುಬೆಂಚಿನ ಮೇಲೆ ಶಾಲು ಹೊದ್ದು ಆ ಅಜ್ಜಿ ಕುಳಿತಿದ್ದರು. ಮಂಡಿನೋವಿದ್ದರೂ ಆಟೋದಲ್ಲಿ ಒಬ್ಬರೇ ಬಂದಿದ್ದರು. ಬರುತ್ತೇನೆಂದಿದ್ದ ಆಟೋದವನು ಬಂದಿರಲಿಲ್ಲ. ಆರುನೂರು ಜನ ಅವರನ್ನು ದಾಟಿ ಹೋಗಿದ್ದರು. ಅವರಲ್ಲಿ ನಾನೂ ಒಬ್ಬ; ಅವರ ತಲೆ ಮೇಲೆ ಕೈಯಿಟ್ಟು ಆಶೀರ್ವದಿಸಿಯೇ ಮುಂದೆ ಹೋಗಿದ್ದೆ. ಮನೆಗೆ ಬಿಡುವಾಗ ಅಜ್ಜಿ ಹೇಳಿದರು: "ಮಕ್ಕಳು ಫೋನಲ್ಲಿ ಸಮುದ್ರ ತೋರ್ಸಿದ್ರು ಸ್ವಾಮಿ. ಚೆಂದ ಐತೆ." ಅವರ ದನಿಯಲ್ಲಿ ದೂರಿರಲಿಲ್ಲ. ನಮ್ಮ ಹಿರಿಯರು ದೂರುವುದಿಲ್ಲ. ಅದನ್ನೇ ನಾವು ಒಪ್ಪಿಗೆ ಎಂದು ತಿಳಿದುಕೊಳ್ಳುತ್ತೇವೆ.

ಎರಡನೆಯದು: ಅಪರಿಚಿತರ ನಾಡಿಗೆ ಪ್ರಯಾಣ

ಈಜಿಪ್ಟಿಗೆ ಹೋದದ್ದು ರಜೆಗಲ್ಲ, ಪ್ರಾಣ ಉಳಿಸಿಕೊಳ್ಳಲು. ಹೆರೋದನ ಕತ್ತಿಯಿಂದ ತಪ್ಪಿಸಿಕೊಂಡು ಒಬ್ಬ ಬಡಗಿ, ಬಾಣಂತಿ, ಎಳೆಗೂಸು ರಾತ್ರೋರಾತ್ರಿ ಹೊರಡುತ್ತಾರೆ. ಅವರನ್ನು ಆ ದೇಶದ ಜನ ಹೇಗೆ ನೋಡಿರಬಹುದು? ಯಾರು ಇವರು, ಎಲ್ಲಿಂದ ಬಂದರು ಎಂದು ದಿಟ್ಟಿಸಿ ನೋಡಿರಬಹುದು.

2004ರ ಆ ಡಿಸೆಂಬರ್ 26 ಭಾನುವಾರವೆಂದು ಹೇಳಿದೆ. ಅದು ಪವಿತ್ರ ಕುಟುಂಬದ ಹಬ್ಬದ ಭಾನುವಾರವೇ ಆಗಿತ್ತು. ಆ ವರ್ಷದ ಸರದಿಯಲ್ಲಿ ಓದಬೇಕಾಗಿದ್ದ ಶುಭಸಂದೇಶ ಇದೇ, ಈಜಿಪ್ಟಿಗೆ ಪಲಾಯನ. ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಓಡಿಹೋಗು ಎಂದು ದೂತನು ಜೋಸೆಫರಿಗೆ ಹೇಳುವ ಭಾಗ. ಅದೇ ಬೆಳಗ್ಗೆ ಎಷ್ಟೋ ತಂದೆಯರು ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಗುಡ್ಡದ ಕಡೆಗೆ ಓಡಿದರು. ಕೆಲವರು ತಲುಪಿದರು, ಕೆಲವರು ತಲುಪಲಿಲ್ಲ. ಬದುಕಿದವರು ಮುಂದೆ ವರ್ಷಗಟ್ಟಲೆ ತಗಡಿನ ಶೆಡ್ಡುಗಳಲ್ಲಿ ಕಾಲ ಕಳೆದರು. ಲಿಟ್ಲ್ ಅಂಡಮಾನಿನ ಓಂಗೆ ಜನ ಮಾತ್ರ ಸಮುದ್ರ ಹಿಂದೆ ಸರಿದದ್ದನ್ನು ಕಂಡೊಡನೆ ಎತ್ತರದ ಜಾಗಕ್ಕೆ ಹೋಗಿ ಬದುಕಿಕೊಂಡರು. ನಾವು ಕಾಡುಜನ ಎಂದು ಕರೆಯುವವರಿಗೆ ಸಮುದ್ರದ ಭಾಷೆ ಗೊತ್ತಿತ್ತು.

ನಮ್ಮ ಪ್ರವಾಸದ ಮೂರನೆಯ ದಿನ ಸುಣ್ಣದ ಕಲ್ಲಿನ ಗುಹೆ ನೋಡಲು ಬಾರಾಟಾಂಗಿಗೆ ಹೊರಟೆವು. ರಸ್ತೆ ಜಾರವಾ ಜನರ ಮೀಸಲು ಕಾಡಿನೊಳಗೆ ಹೋಗುತ್ತದೆ. ಆ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಅದೇ 2012ರ ಜನವರಿಯಲ್ಲಿ, ಜಾರವಾ ಹೆಣ್ಣುಮಕ್ಕಳನ್ನು ಪ್ರವಾಸಿಗರ ಮುಂದೆ ಕುಣಿಸಿದ ವಿಡಿಯೋ ಹೊರಬಂದು ದೇಶವೇ ತಲೆತಗ್ಗಿಸಿತ್ತು. ವಾಹನಗಳು ಸಾಲಾಗಿ ಹೋಗಬೇಕು, ನಿಲ್ಲಿಸಬಾರದು, ಫೋಟೋ ತೆಗೆಯಬಾರದು. ನಾವು ಫೋಟೋ ತೆಗೆಯಲಿಲ್ಲ. ಆದರೆ ಕಿಟಕಿಗೆ ಮುಖ ಒತ್ತಿ ಕಾಯುತ್ತಿದ್ದೆವು. ಮೂವರು ಗುರುಗಳು, ಕ್ರಿಸ್ಮಸ್ ಕಳೆದು ಮೂರೇ ದಿನ.

ಒಂದು ತಿರುವಿನಲ್ಲಿ ಕಂಡರು. ರಸ್ತೆಯಂಚಿನಲ್ಲಿ ಒಬ್ಬ ತಾಯಿ, ಸೊಂಟದ ಮೇಲೆ ಮಗು. ವ್ಯಾನಿನಲ್ಲಿದ್ದವರೆಲ್ಲ "ಅಗೋ, ಅಗೋ" ಎಂದರು. ನಾನೂ ಅಂದೆ. ಆ ತಾಯಿ ನಮ್ಮ ಕಡೆ ನೋಡಿದಳು. ವ್ಯಾನು ಮುಂದೆ ಹೋಯಿತು. ಆಮೇಲೆ ಗುಹೆ ನೋಡಿದೆವು, ದೋಣಿ ಹತ್ತಿದೆವು, ಎಳನೀರು ಕುಡಿದೆವು. ರಾತ್ರಿ ಮಲಗಿದಾಗ ಕಣ್ಣಿಗೆ ಬಂದದ್ದು ಆ ತಾಯಿ. ನನ್ನ ಧರ್ಮಕೇಂದ್ರದ ಗೋದಲಿಯಲ್ಲಿ ಒಂದು ತಾಯಿ ಮಗುವಿನ ಮುಂದೆ ಮೊಣಕಾಲೂರಿ ಬಂದವನು, ಇಲ್ಲಿ ಇನ್ನೊಂದು ತಾಯಿ ಮಗುವನ್ನು ಮೃಗಾಲಯದ ಪ್ರಾಣಿಯಂತೆ ನೋಡಿದ್ದೆ. ಕುರುಬರೂ ನೋಡಲು ಹೋದವರೇ, ಮೂವರು ಜ್ಞಾನಿಗಳೂ ನೋಡಲು ಹೋದವರೇ. ಆದರೆ ಅವರು ಕೈಮುಗಿದು ನೋಡಿದರು. ನಮ್ಮ ನೋಟದಲ್ಲಿ ಕೈಮುಗಿಯುವುದು ಇರಲಿಲ್ಲ.

ಪ್ರಿಯರೇ, ನೀವು ಹೋಗುವ ಯಾವ ದ್ವೀಪವೂ ಖಾಲಿ ಜಾಗವಲ್ಲ. ಜಾಹೀರಾತಿನ ಚಿತ್ರದಲ್ಲಿ ಮರಳು ಇರುತ್ತದೆ, ತೆಂಗಿನ ಮರ ಇರುತ್ತದೆ, ಜನ ಇರುವುದಿಲ್ಲ. ಆದರೆ ಅಲ್ಲಿ ಜನ ಇದ್ದಾರೆ. ಅವರಿಗೂ ಹಬ್ಬವಿದೆ, ಸಾವಿದೆ, ಗೋರಿಗಳಿವೆ. ನಿಮ್ಮ ಕೋಣೆ ಗುಡಿಸುವ ಹೆಣ್ಣುಮಗಳಿಗೂ ಕ್ರಿಸ್ಮಸ್ ರಜೆ ಬೇಕಿತ್ತೇನೋ.

ಮೂರನೆಯದು: ಹುಡುಕಿಕೊಂಡು ಹಿಂತಿರುಗುವ ಪ್ರಯಾಣ

ಹನ್ನೆರಡು ವರ್ಷದ ಯೇಸುವಿನೊಂದಿಗೆ ಮರಿಯ ಜೋಸೆಫರು ಪಾಸ್ಕ ಹಬ್ಬಕ್ಕೆ ಹೋಗುತ್ತಾರೆ. ಹಬ್ಬ ಮುಗಿಯಿತು, ಎಲ್ಲರೂ ಗುಂಪಾಗಿ ಹೊರಟರು. ಮಗ ನೆಂಟರಿಷ್ಟರ ಗುಂಪಿನಲ್ಲಿ ಇರುತ್ತಾನೆ ಎಂದುಕೊಂಡು ಒಂದು ದಿನದ ದಾರಿ ನಡೆದುಬಿಟ್ಟರು. ಇವರು ಕೆಟ್ಟ ತಂದೆತಾಯಿಯಲ್ಲ. ಲೋಕದಲ್ಲೇ ಶ್ರೇಷ್ಠ ತಂದೆತಾಯಿ. ಅವರಿಗೂ ಹೀಗಾಯಿತು. "ಯಾರಾದರೂ ನೋಡಿಕೊಳ್ಳುತ್ತಾರೆ, ಎಲ್ಲೋ ಇರುತ್ತಾನೆ" ಎಂಬುದು ಎಲ್ಲ ಕುಟುಂಬಗಳೂ ಮಾಡುವ ತಪ್ಪು. ಪಕ್ಕದ ಮನೆಯವರಿಗೆ ಹೇಳಿದ್ದೇವೆ, ಅಣ್ಣ ನೋಡಿಕೊಳ್ಳುತ್ತಾನೆ, ಫಾದರ್ ಇದ್ದಾರಲ್ಲ. ಫಾದರ್ ಏನು ಮಾಡಿದರೆಂದು ಈಗಾಗಲೇ ಹೇಳಿದೆ.

ಪವಿತ್ರ ಕುಟುಂಬ ನಮಗಿಂತ ಬೇರೆಯಾಗುವುದು ಮುಂದಿನ ಹೆಜ್ಜೆಯಲ್ಲಿ. ಗೊತ್ತಾದ ಕೂಡಲೇ ಅವರು ಹಿಂತಿರುಗಿದರು. ನಡೆದ ದಾರಿ ವ್ಯರ್ಥವಾಯಿತಲ್ಲ ಎಂದು ಲೆಕ್ಕ ಹಾಕಲಿಲ್ಲ. ಸಿಗುವವರೆಗೆ ಹುಡುಕಿದರು.

ದ್ವೀಪಕ್ಕೆ ಹೋದ ಇನ್ನೊಬ್ಬರನ್ನು ನೆನೆಯಬೇಕು. ಸಂತ ಜೋಸೆಫ್ ವಾಜ್. 1651ರಲ್ಲಿ ಗೋವಾದಲ್ಲಿ ಹುಟ್ಟಿದವರು. 1681ರಿಂದ 1684ರವರೆಗೆ ನಮ್ಮ ಕೆನರಾ ಕರಾವಳಿಯಲ್ಲಿ, ಗಂಗೊಳ್ಳಿ, ಕುಂದಾಪುರ, ಬಸರೂರು, ಮಂಗಳೂರಿನ ಕಡೆ ಸೇವೆ ಮಾಡಿದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿರುವುದು ನಿಮಗೆ ಗೊತ್ತು. ಸಿಲೋನ್ ದ್ವೀಪದಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಓಡಿಸಿ ಮೂವತ್ತು ವರ್ಷಗಳಾಗುತ್ತಾ ಬಂದಿತ್ತು. ಅಲ್ಲಿಯ ಭಕ್ತರಿಗೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಎಲ್ಲರೂ ಅವರನ್ನು ಬಿಟ್ಟು ಮುಂದೆ ನಡೆದುಬಿಟ್ಟಿದ್ದರು. ಇವರು ಹುಡುಕಿಕೊಂಡು ಹೋದರು. 1687ರಲ್ಲಿ ಕೂಲಿಯವನ ವೇಷದಲ್ಲಿ, ಬರಿಗಾಲಲ್ಲಿ, ರೋಗದಿಂದ ಬಳಲುತ್ತಾ ಆ ದ್ವೀಪದಲ್ಲಿ ಇಳಿದರು. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗುತ್ತಿದ್ದರು. ಜಪಸರ ಕಂಡು ಯಾರ ಕಣ್ಣು ಅರಳಿತೋ ಅವರೇ ನಮ್ಮವರು ಎಂದು ಗುರುತು ಹಿಡಿಯುತ್ತಿದ್ದರು.

1689ರ ಕ್ರಿಸ್ಮಸ್ ರಾತ್ರಿ ಜಾಫ್ನಾದಲ್ಲಿ ಗುಟ್ಟಾಗಿ ಪೂಜೆಗೆ ಸೇರಿದ್ದ ನೂರಾರು ಭಕ್ತರನ್ನು ಡಚ್ ಸೈನಿಕರು ಹಿಡಿದರು. ಗುರುಗಳು ತಪ್ಪಿಸಿಕೊಂಡರು. ಅಷ್ಟಾದರೂ ದ್ವೀಪ ಬಿಟ್ಟು ಬರಲಿಲ್ಲ. ಮುಂದೆ ಕ್ಯಾಂಡಿಯಲ್ಲಿ ಸಿಡುಬು ಬಂದಾಗ, ಮನೆಯವರೇ ಬಿಟ್ಟುಹೋದ ರೋಗಿಗಳನ್ನು ತಾವೇ ನೋಡಿಕೊಂಡರು. 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ವಿಶ್ವಗುರು ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರನ್ನು ಸಂತ ಪದವಿಗೇರಿಸಿದರು. ನಮ್ಮ ಕರಾವಳಿಯಲ್ಲಿ ನಡೆದಾಡಿದ ಒಬ್ಬರು ಹಾಗೆ ದ್ವೀಪಕ್ಕೆ ಹೋದರು. ನಾನು ಹೀಗೆ ಹೋಗಿ ಬಂದೆ.

ಎಲ್ಲರೂ ಸಂತ ಜೋಸೆಫ್ ವಾಜ್ ಆಗಿ ಎಂದು ನಾನು ಕೇಳುತ್ತಿಲ್ಲ. ರಜೆಗೆ ಹೋಗಬೇಡಿ ಎಂದೂ ಹೇಳುತ್ತಿಲ್ಲ. ವರ್ಷವಿಡೀ ದುಡಿಯುವ ಗಂಡ ಹೆಂಡತಿ, ಪಾಠದ ಹೊರೆ ಹೊತ್ತ ಮಕ್ಕಳು ನಾಲ್ಕು ದಿನ ಒಟ್ಟಿಗೆ ಇರುವುದು ದೇವರ ವರವೇ. ದೇವರು ಸಮುದ್ರವನ್ನು ಉಂಟುಮಾಡಿ ಅದನ್ನು ಒಳ್ಳೆಯದೆಂದು ಕಂಡರು. ನೀವೂ ಕಾಣಿರಿ. ಆದರೆ ಮೂರು ಕೆಲಸ ಮಾಡಿ.

ಟಿಕೆಟ್ ತೆಗೆಯುವ ಮೊದಲು ಮನೆಯಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾರು ಉಳಿಯುತ್ತಾರೆ? ಉಳಿಯುವವರನ್ನೇ ನೇರವಾಗಿ ಕೇಳಿ. ಅವರು "ಹೋಗಿ ಬನ್ನಿ" ಎಂದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಇನ್ನೊಮ್ಮೆ ಕೇಳಿ. ಎರಡು ದಿನ ತಡವಾಗಿ ಹೊರಟರೆ ಸಮುದ್ರ ಬತ್ತಿಹೋಗುವುದಿಲ್ಲ.

ಹೋದಲ್ಲಿ ಅಲ್ಲಿಯ ದೇವಾಲಯಕ್ಕೆ ಹೋಗಿ, ಅಲ್ಲಿಯ ಒಬ್ಬರನ್ನಾದರೂ ಹೆಸರು ಹಿಡಿದು ಮಾತನಾಡಿಸಿ. ಹೋಗಬಾರದೆಂದ ಕಡೆ ಹೋಗಬೇಡಿ. ಆರಿಸಬಾರದೆಂದ ಹವಳ, ಚಿಪ್ಪು ಆರಿಸಬೇಡಿ. ನೋಡುವುದಾದರೆ ಕೈಮುಗಿಯುವ ಮನಸ್ಸಿನಿಂದ ನೋಡಿ.

ಇನ್ನು, ಹೋಗದೆ ಇಲ್ಲಿ ಉಳಿದ ನಮಗೆ. ಆ ಅಜ್ಜಿಯ ರಾತ್ರಿಯ ನಂತರ ನಾನು ಹೋದ ಕಡೆಯಲ್ಲೆಲ್ಲ ಆಗಮನ 
ಕಾಲದಲ್ಲಿ ಒಂದು ಪಟ್ಟಿ ಮಾಡುತ್ತೇನೆ: ಈ ಹಬ್ಬಕ್ಕೆ ಮನೆಯಲ್ಲಿ ಒಬ್ಬರೇ ಇರುವವರು ಯಾರು? ನಮ್ಮ ಧರ್ಮಕೇಂದ್ರದಲ್ಲಿ ಈ ಸಲ ಹದಿನೇಳು ಹೆಸರುಗಳಿವೆ. ಯುವಜನರು ಅವರನ್ನು ರಾತ್ರಿ ಪೂಜೆಗೆ ಕರೆತಂದು ಮತ್ತೆ ಮನೆ ಬಾಗಿಲವರೆಗೆ ಬಿಟ್ಟು ಬಂದರು. ಅವರಿಗೆ ನನ್ನ ವಂದನೆಗಳು. ಇಂದು ಪೂಜೆಯ ನಂತರ ಆ ಹದಿನೇಳು ಮಂದಿಗೆ ಗುರುಗಳ ಮನೆಯಲ್ಲಿ ಊಟವಿದೆ. ಆದರೆ ಹದಿನೇಳು ಜನರ ಜೊತೆ ಒಬ್ಬ ಗುರು ಕುಳಿತು ಉಂಡರೆ ಅದು ಅನ್ನದಾನವಾಗುತ್ತದೆ. ಹದಿನೇಳು ಜನರ ಜೊತೆ ಇನ್ನು ಹದಿನೇಳು ಜನ ಕುಳಿತರೆ ಅದು ಕುಟುಂಬವಾಗುತ್ತದೆ. ಮನೆಯಲ್ಲಿ ಮಿಕ್ಕಿರುವ ಕಜ್ಜಾಯ, ಕರ್ಜಿಕಾಯಿ ಇದ್ದರೆ ತನ್ನಿ. ಕೆಡುವ ಮೊದಲು ತನ್ನಿ.

ಬಲಿಪೀಠದ ಬಳಿಗೆ ಹೋಗುವ ಮುನ್ನ ಒಂದು ಕ್ಷಣ ಮೌನವಾಗಿರೋಣ. ಈ ಹೊತ್ತಿನಲ್ಲಿ ಪ್ರಯಾಣದಲ್ಲಿರುವ ನಮ್ಮ ಮನೆಯವರು ಸುಖವಾಗಿ ಹಿಂತಿರುಗಲಿ ಎಂದು ಬೇಡೋಣ. ಸಮುದ್ರದಿಂದ ಹಿಂತಿರುಗದವರಿಗಾಗಿ ಬೇಡೋಣ. ಸಮುದ್ರಕ್ಕೆ ಬೆನ್ನು ಹಾಕಿ ಕುಳಿತ ತಾಯಂದಿರಿಗಾಗಿ ಬೇಡೋಣ. ಬಾಗಿಲ ಕಡೆ ಮುಖ ಮಾಡಿ ಕಾಯುತ್ತಿರುವವರು ಯಾರು ಎಂದು ಪ್ರತಿಯೊಬ್ಬರೂ ನೆನಪು ಮಾಡಿಕೊಳ್ಳೋಣ. ಇಂದೇ ಅವರ ಬಳಿಗೆ ಹೋಗುವ ಮನಸ್ಸನ್ನು ಯೇಸು, ಮರಿಯ, ಜೋಸೆಫರು ನಮಗೆ ದಯಪಾಲಿಸಲಿ.

ಆಮೆನ್.